ಪಣದ ಇಡುಗಂಟು: ಬೇಸ್‌ಬಾಲ್ ಸೂತ್ರ ರೇಸ್‌ಕೋರ್ಸ್‌ನಲ್ಲಿ ನಿಲ್ಲುವುದೇ?

ಪಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಬಾರಿಗೆ ಶೇ 1 ಅಥವಾ 2ಕ್ಕಿಂತ ಹೆಚ್ಚು ಕಟ್ಟಬಾರದು. ದರ ಅನುಕೂಲಕರವಾಗಿರುವ ಹೊತ್ತು ನೋಡಿ ಕಟ್ಟಬೇಕು. ಅಮೆರಿಕದ ಬೇಸ್‌ಬಾಲ್ ಪಣದ ಕೈಪಿಡಿಗಳಲ್ಲೆಲ್ಲ ಕಾಣುವ ಈ ಎರಡು ಸೂತ್ರಗಳು ಇಂದು ಬೆಂಗಳೂರಿನ ರೇಸ್ ಪ್ರಿಯರ ಮಾತಿನಲ್ಲೂ ಕೇಳಿಬರುತ್ತಿವೆ. ಸೂತ್ರಗಳಲ್ಲಿ ತಪ್ಪಿಲ್ಲ. ಆದರೆ ಅವು ಹುಟ್ಟಿದ ನೆಲದ ಲೆಕ್ಕ ಬೇರೆ, ನಮ್ಮದು ಬೇರೆ.

ಮೊದಲು ಕಾನೂನು. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಮೇ ತಿಂಗಳಲ್ಲಿ ನೀಡಿದ ತೀರ್ಪಿನ ಬಳಿಕ ಅಲ್ಲಿನ ಹಲವು ರಾಜ್ಯಗಳು ಕ್ರೀಡಾ ಬೆಟ್ಟಿಂಗ್‌ಗೆ ಅವಕಾಶ ಕೊಟ್ಟಿವೆ. ಕರ್ನಾಟಕದಲ್ಲಿ ಕ್ರಿಕೆಟ್ ಬೆಟ್ಟಿಂಗ್ ಅಪರಾಧ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ದೊರೆತಿದೆ. ಉಳಿದಿರುವುದು ಪರವಾನಗಿ ಪಡೆದ ಕುದುರೆ ರೇಸ್ ಮಾತ್ರ. ಅದು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಗೋವಿಂದರಾಜನಗರದ ನಿವಾಸಿಗೆ ರೇಸ್‌ಕೋರ್ಸ್ ಬಹಳ ದೂರವೇನಲ್ಲ. ಮಾಗಡಿ ರಸ್ತೆ ಹಿಡಿದು ಮೆಜೆಸ್ಟಿಕ್ ದಾಟಿದರೆ ಸಾಕು.

ಈಗ ಲೆಕ್ಕಕ್ಕೆ ಬರೋಣ. ಬೇಸ್‌ಬಾಲ್‌ನಲ್ಲಿ 110 ಡಾಲರ್ ಕಟ್ಟಿದವನು ಗೆದ್ದರೆ 100 ಡಾಲರ್ ಲಾಭವೆಂಬ ದರವಿದೆ ಎಂದಿಟ್ಟುಕೊಳ್ಳಿ. ನಷ್ಟವಿಲ್ಲದೆ ನಿಲ್ಲಲು ಆತ ನೂರಕ್ಕೆ ಸುಮಾರು 52.4 ಬಾರಿ ಗೆಲ್ಲಬೇಕು. ಮೇಜರ್ ಲೀಗ್‌ನ 30 ತಂಡಗಳು ತಲಾ 162 ಪಂದ್ಯದಂತೆ ಒಂದು ಋತುವಿನಲ್ಲಿ 2,430 ಪಂದ್ಯಗಳನ್ನಾಡುತ್ತವೆ. ಅಂಚು ಸಣ್ಣದು, ಅವಕಾಶಗಳು ಅಪಾರ. ಹೀಗಾಗಿಯೇ ಸಣ್ಣ ಸಣ್ಣ ಪಣಗಳ ಶಿಸ್ತು ಅಲ್ಲಿ ಅರ್ಥಪೂರ್ಣವಾಯಿತು.

ನಮ್ಮಲ್ಲಿ ಕುದುರೆ ರೇಸ್ ಪಣದ ಪೂರ್ಣ ಮೊತ್ತದ ಮೇಲೆ ಜಿಎಸ್‌ಟಿ ಬೀಳುತ್ತದೆ. ಶೇ 28ರಷ್ಟಿದ್ದ ಈ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೇರಿತು. ಪಣದ ಮೇಲೆ ತೆರಿಗೆಯನ್ನು ಸೇರಿಸಿ ಕೊಟ್ಟಾಗ 100 ರೂಪಾಯಿ ಪಣಕ್ಕೆ ಕೈಯಿಂದ ಹೋಗುವುದು 140. ಸಮ ದರದ ಕುದುರೆ ಗೆದ್ದರೆ ಮರಳುವುದು 200. ಅಂದರೆ ನಷ್ಟವಾಗದಿರಲು ನೂರಕ್ಕೆ 70 ಬಾರಿ ಗೆಲ್ಲಬೇಕು. ಇಷ್ಟು ಬಾರಿ ಗೆಲ್ಲುವ ಕುದುರೆಗೆ ಯಾವ ಬುಕ್ಕಿಯೂ ಸಮ ದರ ಕೊಡುವುದಿಲ್ಲ.

ಬೆಲ್ ಲ್ಯಾಬೊರೇಟರೀಸ್‌ನ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಸೂತ್ರವು ಎಷ್ಟು ಕಟ್ಟಬೇಕೆಂಬುದನ್ನು ಗೆಲುವಿನ ಸಂಭವ ಹಾಗೂ ದರಗಳಿಂದ ನಿರ್ಧರಿಸುತ್ತದೆ. ಗೋವಿಂದರಾಜನಗರದ ಒಬ್ಬರು ಋತುವಿಗೆಂದು 10,000 ರೂಪಾಯಿ ತೆಗೆದಿಟ್ಟಿದ್ದಾರೆ ಎನ್ನೋಣ. ಒಂದು ಕುದುರೆಗೆ ಒಂದಕ್ಕೆ ನಾಲ್ಕರ ದರವಿದೆ. ಅದು ಗೆಲ್ಲುವ ಸಂಭವ ಶೇ 25 ಎಂದು ಅವರ ಅಂದಾಜು. ತೆರಿಗೆಯಿಲ್ಲದಿದ್ದರೆ ಕೆಲ್ಲಿ ಸೂತ್ರ ಇಡುಗಂಟಿನ ಶೇ 6.25, ಅಂದರೆ 625 ರೂಪಾಯಿ ಕಟ್ಟಿ ಎನ್ನುತ್ತದೆ. ತೆರಿಗೆ ಸೇರಿಸಿದೊಡನೆ 140 ಕೊಟ್ಟು 500 ಪಡೆಯುವ ವ್ಯವಹಾರವಾಗುತ್ತದೆ. ಅಲ್ಲಿ ಶೇ 28ರ ಸಂಭವ ಬೇಕು. ಅದೇ ಕುದುರೆ, ಅದೇ ಅಂದಾಜು. ಸೂತ್ರದ ಉತ್ತರ ಮಾತ್ರ ಸೊನ್ನೆ. ಬಹುತೇಕ ಓದುಗರು ಸೂತ್ರದ ಈ ಅರ್ಧವನ್ನು ಗಮನಿಸುವುದೇ ಇಲ್ಲ.

ಹಾಗಿದ್ದರೆ ಶೇ 2ರ ನಿಯಮದಿಂದ ಪ್ರಯೋಜನವಿಲ್ಲವೇ? ಇದೆ, ಅದು ಹಣ ಕರಗುವ ವೇಗವನ್ನು ತಗ್ಗಿಸುತ್ತದೆ, ದಿಕ್ಕನ್ನು ಬದಲಿಸುವುದಿಲ್ಲ. 200 ರೂಪಾಯಿಯಂತೆ 50 ಪಣ ಕಟ್ಟಿದರೆ ತೆರಿಗೆಯೊಂದೇ 4,000 ರೂಪಾಯಿ. ಆದ್ದರಿಂದ ನಿಯಮ ಪಾಲಿಸುವವರು ಒಂದು ಪಣವನ್ನು 200 ಎಂದಲ್ಲ, 280 ಎಂದೇ ಲೆಕ್ಕಕ್ಕೆ ಹಿಡಿಯಬೇಕು. ಸೋತಾಗಲೆಲ್ಲ ಮೊತ್ತವನ್ನು ದುಪ್ಪಟ್ಟು ಮಾಡುವವರ ಗತಿ ಇನ್ನೂ ಶೀಘ್ರ. 200ರಿಂದ ಆರಂಭಿಸಿ ಐದು ಬಾರಿ ಸತತ ಸೋತರೆ ತೆರಿಗೆ ಸೇರಿ 8,680 ರೂಪಾಯಿ ಹೋಗಿರುತ್ತದೆ. ಆರನೆಯ ಪಣ 6,400 ರೂಪಾಯಿ. ಇಡುಗಂಟಿನಲ್ಲಿ ಉಳಿದಿರುವುದು 1,320.

ಮಿತಿಯೇ ಇಲ್ಲದೆ ಆಡಿದವರ ಕಥೆಗೆ ಬೇಸ್‌ಬಾಲ್ ಲೋಕವೇ ಸಾಕ್ಷಿ. ಖ್ಯಾತ ಆಟಗಾರ ಶೊಹೇಯ್ ಒಟಾನಿಯ ದುಭಾಷಿಯಾಗಿದ್ದ ಇಪ್ಪೇಯ್ ಮಿಜುಹಾರಾ ಸುಮಾರು ಎರಡು ವರ್ಷಗಳಲ್ಲಿ ಸುಮಾರು 19,000 ಪಣಗಳನ್ನು ಕಟ್ಟಿದ. ಅವು ಬೇಸ್‌ಬಾಲ್ ಮೇಲಿನವಲ್ಲ, ಬೇರೆ ಕ್ರೀಡೆಗಳವು. ಗೆದ್ದದ್ದು ಸುಮಾರು 14.2 ಕೋಟಿ ಡಾಲರ್, ಸೋತದ್ದು ಸುಮಾರು 18.3 ಕೋಟಿ. ಒಟಾನಿಯ ಖಾತೆಯಿಂದ ಸುಮಾರು 1.7 ಕೋಟಿ ಡಾಲರ್ ಕದ್ದದ್ದಕ್ಕಾಗಿ ಆತನಿಗೆ 2025ರ ಫೆಬ್ರುವರಿಯಲ್ಲಿ 57 ತಿಂಗಳ ಸೆರೆವಾಸ ವಿಧಿಸಲಾಯಿತು.

ಇನ್ನು ಹೊತ್ತಿನ ವಿಚಾರ. ಬೇಸ್‌ಬಾಲ್‌ನಲ್ಲಿ ಅಂದಿನ ಪಿಚರ್ ಯಾರೆಂಬ ಸುದ್ದಿಯೇ ದರವನ್ನು ಮೇಲೆ ಕೆಳಗೆ ಎಳೆಯುತ್ತದೆ. ಬಲ್ಲವರು ಸುದ್ದಿಗಿಂತ ಮೊದಲೇ ಕಟ್ಟುತ್ತಾರೆ, ಇಲ್ಲವೇ ಸುದ್ದಿ ಖಚಿತವಾಗುವವರೆಗೆ ಕಾಯುತ್ತಾರೆ. ರೇಸ್‌ನಲ್ಲಿ ಎರಡು ಪದ್ಧತಿಗಳಿದ್ದು, ಹೊಸಬರು ಎಡವುವುದು ಇಲ್ಲಿಯೇ. ಬುಕ್ಕಿಯ ಬಳಿ ಚೀಟಿ ಬರೆಸಿದ ಗಳಿಗೆಯ ದರವೇ ನಿಮ್ಮ ದರ. ಅನಂತರದ ಏರಿಳಿತ ನಿಮಗೆ ಸಂಬಂಧಿಸಿದ್ದಲ್ಲ. ಟೋಟ್‌ನಲ್ಲಿ ಹಾಗಲ್ಲ. ಎಲ್ಲರ ಹಣವೂ ಒಂದೇ ನಿಧಿಗೆ ಸೇರಿ, ಕಡಿತಗಳು ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಕಿಟಕಿ ಮುಚ್ಚುವವರೆಗೂ ಫಲಕದ ಅಂಕಿ ಬರಿಯ ಸೂಚನೆ. ಬೇಗನೆ ಟೋಟ್‌ನಲ್ಲಿ ಕಟ್ಟಿ ಒಳ್ಳೆಯ ದರ ಹಿಡಿದೆನೆಂದು ಬೀಗುವುದಕ್ಕೆ ಅರ್ಥವಿಲ್ಲ. ಅಲ್ಲಿ ಕೊನೆಯವರೆಗೆ ಕಾಯುವುದೇ ಲೇಸು: ಜಾಕಿ ಬದಲಾಗಿರಬಹುದು, ಕುದುರೆಯನ್ನು ಹಿಂತೆಗೆದಿರಬಹುದು. ಬೇಸಿಗೆ ಋತುವಿನ ಮಳೆಗೆ ಟ್ರ್ಯಾಕ್ ಮೆತ್ತಗಾಗಿ ಪೆನೆಟ್ರೋಮೀಟರ್ ಅಂಕಿ ಏರಿದರೆ ಬೆಳಗಿನ ಅಂದಾಜೆಲ್ಲ ತಲೆಕೆಳಗಾಗುತ್ತದೆ.

ಗೆದ್ದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ಒಂದೇ ವ್ಯವಹಾರದಲ್ಲಿ ಗೆಲುವು 10,000 ರೂಪಾಯಿ ಮೀರಿದರೆ ಪಾವತಿಯ ವೇಳೆಯಲ್ಲೇ ಶೇ 30ರ ಆದಾಯ ತೆರಿಗೆ ಕಡಿತವಾಗುತ್ತದೆ. ಅದಕ್ಕಿಂತ ಕಡಿಮೆ ಗೆದ್ದರೂ ಇದೇ ದರದ ತೆರಿಗೆ, ಮೇಲೆ ಸೆಸ್ ಉಂಟು. ಹಿಂದಿನ ವಾರ ಸೋತ ಚೀಟಿಗಳನ್ನು ತೋರಿಸಿ ಈ ವಾರದ ಗೆಲುವಿನಿಂದ ಕಳೆಯಲು ಅವಕಾಶವಿಲ್ಲ. ವರ್ಷಾಂತ್ಯಕ್ಕೆ ಒಟ್ಟಿನಲ್ಲಿ ಸೋತವರೂ ಗೆದ್ದ ದಿನಗಳಿಗೆ ತೆರಿಗೆ ಕಟ್ಟಬೇಕಾಗುತ್ತದೆ.