ಬಂದರಿಗೆ ಬರುವ ನೆಂಟ

2007ರ ಜುಲೈ ಮೊದಲ ವಾರದಲ್ಲಿ ಅಮೆರಿಕದ ವಿಮಾನವಾಹಕ ನೌಕೆ ‘ನಿಮಿಟ್ಜ್’ ಚೆನ್ನೈಗೆ ಬಂದುದು ಶ್ರೋತೃಗಳಲ್ಲಿ ಹಲವರಿಗೆ ನೆನಪಿರಬಹುದು. 333 ಮೀಟರ್ ಉದ್ದದ ಆ ಹಡಗು ಧಕ್ಕೆಗೆ ಬಾರದೆ ಕಡಲಿನಲ್ಲಿಯೇ ಲಂಗರು ಹಾಕಿ ನಿಂತಿತು. ಅದು ಅಣುಶಕ್ತಿಯಿಂದ ನಡೆಯುವ ಹಡಗಾದ್ದರಿಂದ ದೊಡ್ಡ ವಾದವೇ ನಡೆಯಿತು. ನನ್ನ ಕುತೂಹಲ ಮಾತ್ರ ಬೇರೆ ಕಡೆ ಹರಿದಿತ್ತು: ಸುಮಾರು 5,000 ಜನರನ್ನು ದೋಣಿಗಳಲ್ಲಿ ದಡಕ್ಕೆ ಸಾಗಿಸುವುದೆಂತು? ಅವರ ಕಸ ಎಲ್ಲಿಗೆ ಹೋಗುತ್ತದೆ?

ಯುದ್ಧನೌಕೆಯೆಂದರೆ ತೇಲುವ ಊರು. ನಡುಗಡಲಿನಲ್ಲಿ ಅದು ಉಪ್ಪುನೀರನ್ನೇ ಸಿಹಿ ಮಾಡಿಕೊಂಡು ಬದುಕುತ್ತದೆ. ಬಂದರಿನ ನೀರು ಕೊಳಕು. ಅಲ್ಲಿ ಆ ಯಂತ್ರಗಳನ್ನು ನಡೆಸುವುದು ಒಳ್ಳೆಯದಲ್ಲವಾದ್ದರಿಂದ ಸಾಮಾನ್ಯವಾಗಿ ದಡದ ನೀರನ್ನು ಕೊಳ್ಳಬೇಕು. ಹಡಗಿನ ಹೊಲಸನ್ನು ತೊಟ್ಟಿ ತುಂಬುವ ಮೊದಲೇ ದೋಣಿಯೋ ಲಾರಿಯೋ ಬಂದು ಹೀರಿಕೊಂಡು ಹೋಗಬೇಕು. ಇವನ್ನೂ ಟಗ್ ದೋಣಿ, ತರಕಾರಿ, ಕಾವಲುಗಳನ್ನೂ ಒಬ್ಬ ಗುತ್ತಿಗೆದಾರ ಹೊಂದಿಸಿಕೊಡುತ್ತಾನೆ. ಅವನಿಗೆ ದಿನ, ಸ್ಥಳಗಳನ್ನು ಮುಂಚೆಯೇ ತಿಳಿಸದೆ ಆಗದು. ತೊಡಕಿರುವುದೇ ಇಲ್ಲಿ. ಯುದ್ಧನೌಕೆಯ ಸಂಚಾರ ಗುಟ್ಟಿನ ವಿಷಯ. ಆ ಗುಟ್ಟನ್ನು ನೀರು ಮಾರುವವನಿಗೆ ಹೇಳಲೇಬೇಕು!

ಇದು ಬರಿಯ ತಮಾಷೆಯಲ್ಲ. 2000ದ ಅಕ್ಟೋಬರ್ 12ರಂದು ಅಮೆರಿಕದ ‘ಕೋಲ್’ ನೌಕೆ ಏಡನ್ ಬಂದರಿನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದಾಗ ಸ್ಫೋಟಕ ಹೊತ್ತ ಸಣ್ಣ ದೋಣಿಯೊಂದು ಅದರ ಪಕ್ಕಕ್ಕೆ ಬಂದಿತು. 17 ಮಂದಿ ನಾವಿಕರು ಸತ್ತರು. ಕಸ ಒಯ್ಯಲು ಬಂದ ದೋಣಿ ಯಾವುದು, ಕೊಲ್ಲಲು ಬಂದುದು ಯಾವುದು ಎಂದು ಮೇಲಿನ ಕಟಕಟೆಯಲ್ಲಿ ನಿಂತ ಹುಡುಗನಿಗೆ ತಿಳಿಯುವುದು ಹೇಗೆ?

ಇನ್ನು ಲೆಕ್ಕದ ಮಾತು. ಮದುವೆಯ ಮನೆಯಲ್ಲಿ ಹೋಳಿಗೆಯ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಎಂಜಲೆಲೆಯ ಲೆಕ್ಕ ಯಾರಿಗೂ ಬೇಡ. ಹಡಗಿನಿಂದ ಎಷ್ಟು ಲೀಟರ್ ಹೊಲಸು ಹೋಯಿತೆಂದು ನಿಂತು ಅಳೆಯುವವರು ಯಾರು? ಲೆನರ್ಡ್ ಗ್ಲೆನ್ ಫ್ರಾನ್ಸಿಸ್ ಎಂಬ ಮಲೇಶಿಯದ ಗುತ್ತಿಗೆದಾರನಿಗೆ ಈ ಮರ್ಮ ಚೆನ್ನಾಗಿ ತಿಳಿದಿತ್ತು. ಸಿಂಗಪುರದಲ್ಲಿ ನೆಲೆಸಿ ಏಷ್ಯದ ಬಂದರುಗಳಲ್ಲಿ ಅಮೆರಿಕದ ನೌಕಾಪಡೆಗೆ ಸೇವೆ ಒದಗಿಸುತ್ತಿದ್ದ ಆತ ಅಧಿಕಾರಿಗಳಿಗೆ ಔತಣ, ಹಣ, ಹೆಣ್ಣಿನ ಸಹವಾಸಗಳನ್ನು ಒಡ್ಡಿ ಹಡಗುಗಳ ಗುಪ್ತ ವೇಳಾಪಟ್ಟಿಯನ್ನು ಪಡೆದ. ತನಗೆ ಲಾಭವಿರುವ ಬಂದರುಗಳಿಗೇ ಅವು ತಿರುಗುವಂತೆ ಮಾಡಿಸಿದ. ಬಿಲ್ಲುಗಳು ಉಬ್ಬಿದವು. 2013ರಲ್ಲಿ ಸೆರೆಯಾಗಿ 2015ರಲ್ಲಿ ತಪ್ಪೊಪ್ಪಿಕೊಂಡ. 2022ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ವೆನೆಜುವೆಲದಲ್ಲಿ ಸಿಕ್ಕಿಬಿದ್ದ. 2024ರ ನವೆಂಬರಿನಲ್ಲಿ ಅವನಿಗೆ 15 ವರ್ಷಗಳ ಶಿಕ್ಷೆಯಾಯಿತು.

ಮೋಸದ ಮೊತ್ತ 3.5 ಕೋಟಿ ಡಾಲರಿಗೆ ಕಡಿಮೆಯಿಲ್ಲ. ನನಗೆ ಅದು ಅಷ್ಟು ದೊಡ್ಡದಾಗಿ ತೋರುವುದಿಲ್ಲ. ಏಡನ್ನಿನಲ್ಲಿ 17 ಮಂದಿಯನ್ನು ಕಳೆದುಕೊಂಡ ಕೆಲವೇ ವರ್ಷಗಳಲ್ಲಿ, ಅದೇ ನೌಕಾಪಡೆಯ ಅಧಿಕಾರಿಗಳು ಕೆಲವರು ತಮ್ಮ ಹಡಗು ಯಾವ ದಿನ ಎಲ್ಲಿ ನಿಲ್ಲುವುದೆಂಬುದನ್ನು ಒಂದು ಊಟದ ಋಣಕ್ಕೆ ಹೇಳಿಬಿಟ್ಟಿದ್ದರು.