ನೊರೆ ಹೆಚ್ಚಿದರೆ ಕೊಳೆ ಹೋದೀತೆ?

ಬಟ್ಟೆ ಒಗೆಯುವ ಯಂತ್ರದ ಗಾಜಿನ ಬಾಗಿಲಿನಾಚೆ ಬಟ್ಟೆಗಳೇ ಕಾಣದಷ್ಟು ನೊರೆ ತುಂಬಿಕೊಂಡಿದೆ. ಯಂತ್ರವು ನೀರನ್ನು ಹೊರಹಾಕಲಾರದೆ ನಿಂತುಬಿಟ್ಟಿದೆ. ಪುಡಿಯನ್ನು ಒಂದು ಚಮಚ ಹೆಚ್ಚಾಗಿ ಸುರಿದವರು ಕೊಳೆ ಚೆನ್ನಾಗಿ ಹೋಗಲೆಂದೇ ಹಾಗೆ ಮಾಡಿರುತ್ತಾರೆ. ಆದರೆ ನೊರೆಗೂ ಶುಭ್ರತೆಗೂ ಇರುವ ನಂಟು ನಾವು ಭಾವಿಸಿರುವಷ್ಟು ನಿಕಟವಾದುದಲ್ಲ.

ನೊರೆಯೆಂದರೆ ದ್ರವದ ತೆಳುಪೊರೆಗಳಲ್ಲಿ ಸೆರೆಸಿಕ್ಕಿದ ಗಾಳಿ. ಶುದ್ಧವಾದ ನೀರನ್ನು ಎಷ್ಟು ಕುಲುಕಿದರೂ ಗುಳ್ಳೆಗಳು ಎದ್ದೊಡನೆಯೇ ಒಡೆಯುತ್ತವೆ. ಸಾಬೂನು ಅಥವಾ ಮಾರ್ಜಕ ಬೆರೆತರೆ ಹಾಗಲ್ಲ. ಅದರ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ. ಇನ್ನೊಂದು ನೀರಿನಿಂದ ದೂರಸರಿದು ಜಿಡ್ಡನ್ನೋ ಗಾಳಿಯನ್ನೋ ಅರಸುತ್ತದೆ. ಆದುದರಿಂದ ಈ ಅಣುಗಳು ಮೇಲ್ಮೈಯಲ್ಲಿ ಒತ್ತಾಗಿ ನೆರೆದು, ಸೆಂಟಿಮೀಟರಿಗೆ ಸುಮಾರು 72 ಡೈನ್‌ಗಳಷ್ಟಿದ್ದ ನೀರಿನ ಮೇಲ್ಮೈ ಎಳೆತವನ್ನು 30ರ ಆಸುಪಾಸಿಗೆ ಇಳಿಸುತ್ತವೆ. ಪೊರೆಯು ಎಲ್ಲಿಯಾದರೂ ಹಿಗ್ಗಿ ತೆಳುವಾಯಿತೆನ್ನಿ. ಅಲ್ಲಿ ಅಣುಗಳು ವಿರಳವಾಗಿ ಎಳೆತ ಹೆಚ್ಚುತ್ತದೆ. ಆ ಎಳೆತವೇ ಸುತ್ತಲಿನ ದ್ರವವನ್ನು ಸೆಳೆದು ತಂದು ಪೊರೆಗೆ ತೇಪೆ ಹಾಕುತ್ತದೆ! ಎಳೆತದ ವ್ಯತ್ಯಾಸದಿಂದಾಗುವ ಇಂಥ ಹರಿವಿಗೆ, 1865ರಲ್ಲಿ ಅದನ್ನು ಕುರಿತು ಬರೆದ ಇಟಲಿಯ ಕಾರ್ಲೊ ಮಾರಂಗೋನಿಯ ಹೆಸರೇ ನಿಂತಿದೆ.

ಜಿಡ್ಡನ್ನು ಕಿತ್ತೊಯ್ಯುವುದು ನೀರಿನೊಳಗಿರುವ ಅಣುಗಳೇ ಹೊರತು ಗುಳ್ಳೆಗಳಲ್ಲ. ಮುಂದೆ ಬಾಗಿಲುಳ್ಳ ಯಂತ್ರದಲ್ಲಿ ತಿರುಗುವ ಉರುಳೆಯು ಬಟ್ಟೆಯನ್ನು ಮೇಲೆತ್ತಿ ಕೆಡವುತ್ತದೆ. ಒಗೆಯುವ ಕಲ್ಲಿನ ಮೇಲೆ ಬಡಿಯುವ ಕೆಲಸವನ್ನು ಅಲ್ಲಿ ಈ ಬೀಳುವಿಕೆಯೇ ಮಾಡಬೇಕು. ನೊರೆ ತುಂಬಿದರೆ ಅದು ಹಾಸಿಗೆಯಂತೆ ಪೆಟ್ಟನ್ನು ನುಂಗುತ್ತದೆ. ನೀರೆತ್ತುವ ಪಂಪಿನ ರೆಕ್ಕೆಗಳು ನೊರೆಯಲ್ಲಿ ಬರಿದೆ ಸುತ್ತುತ್ತವೆ. ಮಾರ್ಜಕದ ಅಂಶ ಬಟ್ಟೆಯಲ್ಲಿಯೇ ಉಳಿದುಬಿಡುತ್ತದೆ.

ಇದಕ್ಕೆ ಪರಿಹಾರವೇನು? ಮೊದಲು ಯಂತ್ರವನ್ನು ನಿಲ್ಲಿಸಬೇಕು, ಬಾಗಿಲನ್ನು ತೆರೆಯಬಾರದು. ಅರ್ಧ ಗಂಟೆ ಬಿಟ್ಟರೆ ಪೊರೆಗಳೊಳಗಿನ ನೀರು ಗುರುತ್ವದಿಂದ ಕೆಳಗಿಳಿದು ನೊರೆ ಕುಸಿಯುತ್ತದೆ. ಬಳಿಕ ನೀರನ್ನು ಹೊರಬಿಟ್ಟು, ಪುಡಿ ಹಾಕದೆ ತಣ್ಣೀರಿನಲ್ಲಿ ಎರಡು ಮೂರು ಸಲ ಜಾಲಿಸಬೇಕು. ವಿನಿಗರ್ ಸುರಿಯುವ ಉಪಾಯ ನಿಜವಾದ ಸಾಬೂನಿಗೆ ಸಲ್ಲುತ್ತದೆ. ಆಮ್ಲವು ಸಾಬೂನನ್ನು ನೀರಿನಲ್ಲಿ ಕರಗದ ಕೊಬ್ಬಿನಾಮ್ಲವಾಗಿ ಮಾರ್ಪಡಿಸುತ್ತದೆ. ಇಂದಿನ ಕೃತಕ ಮಾರ್ಜಕಗಳ ಮೇಲೆ ಅದರ ಪ್ರಭಾವ ಅಲ್ಪ.

ಬಕೆಟ್ಟಿನಲ್ಲಿ ಕೈಯಿಂದ ಒಗೆಯಲೆಂದು ಮಾಡಿದ ಪುಡಿಯನ್ನು ಯಂತ್ರಕ್ಕೆ ಹಾಕಬಾರದು. ಯಂತ್ರದ ಪುಡಿಗಳಲ್ಲಿ ನೊರೆಯನ್ನು ಅಡಗಿಸುವ ದ್ರವ್ಯಗಳನ್ನು ಬೆರೆಸಿರುತ್ತಾರೆ. ಕೊಳವೆಬಾವಿಯ ಗಡಸು ನೀರಿಗೆ ಒಗ್ಗಿದ ಅಳತೆಯನ್ನು ಮೆದು ನೀರಿಗೂ ಬಳಸಿದರೆ ನೊರೆ ಉಕ್ಕುವುದು ಸಹಜ.

ಯಂತ್ರದಿಂದ ಹೊರಟ ಮಾರ್ಜಕದ ಕತೆ ಚರಂಡಿಯಲ್ಲಿಯೇ ಮುಗಿಯುವುದಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಿದ್ದುದನ್ನು ಜನ ಕಣ್ಣಾರೆ ಕಂಡರು. ಕೆರೆ ಸೇರಿದ್ದ ಕೊಳಚೆಯಲ್ಲಿ ಮನೆಮನೆಯ ಮಾರ್ಜಕವೂ ಇದ್ದಿತು. ನಮ್ಮ ಚಮಚದ ಅಳತೆಗೆ ಊರಿನ ನೀರೂ ಸಾಕ್ಷಿಯಾಗುತ್ತದೆ.