ಹಳೆಯ ಟ್ಯಾಬ್ಲೆಟ್ಟೂ ಬೆಳೆ ಸಮೀಕ್ಷೆಯೂ

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬುಗಳನ್ನೂ, ಕೃಷ್ಣರಾಜಪೇಟೆ, ನಾಗಮಂಗಲಗಳ ಖುಷ್ಕಿಯಲ್ಲಿ ರಾಗಿಯನ್ನೂ ಬೆಳೆಯುವ ಹಿಡುವಳಿದಾರರು ತಮ್ಮ ಪೈರಿನ ವಿವರವನ್ನು ತಾವೇ ಛಾಯಾಚಿತ್ರಸಮೇತ ಸರ್ಕಾರದ ದಾಖಲೆಗೆ ಸೇರಿಸುವ ಅನುಕೂಲವು 2020ನೆಯ ಇಸವಿಯ ಮುಂಗಾರಿನಿಂದ ಏರ್ಪಟ್ಟಿರುವುದಷ್ಟೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆನಷ್ಟದ ಪರಿಹಾರ ಇವುಗಳಿಗೆ ಈ ದಾಖಲೆಯೇ ಆಧಾರವಾಗಿರುವುದು. ರಾಗಿ ಬೆಳೆದ ಸರ್ವೆ ನಂಬರಿನಲ್ಲಿ ಬೀಳೆಂದು ನಮೂದಾದಲ್ಲಿ, ಖರೀದಿ ಕೇಂದ್ರದ ಬಾಗಿಲಿನಲ್ಲಿ ಗಾಡಿಯನ್ನು ನಿಲ್ಲಿಸಿಕೊಂಡು ವಾದಿಸುವುದರಿಂದ ಫಲವಿಲ್ಲ.

ಅನೇಕ ಮನೆಗಳಲ್ಲಿ ಮಕ್ಕಳ ಪಾಠಕ್ಕೆಂದು ಹಿಂದೆ ಕೊಂಡ ಟ್ಯಾಬ್ಲೆಟ್ಟನ್ನೇ ಈ ಕೆಲಸಕ್ಕೂ ಉಪಯೋಗಿಸುವುದುಂಟು. ಯಂತ್ರವು ಕೆಟ್ಟಿಲ್ಲದಿದ್ದರೂ ಆ್ಯಪು ಅದರಲ್ಲಿ ಕೂಡುವುದಿಲ್ಲ. ಇದರ ಕಾರಣವು ಸರಳವಾದುದು. ಟ್ಯಾಬ್ಲೆಟ್ಟನ್ನು ನಡೆಯಿಸುವ ಆಂಡ್ರಾಯ್ಡಿಗೆ ತಯಾರಕರು ಕೆಲವು ವರ್ಷಗಳಾದ ಮೇಲೆ ಹೊಸ ಆವೃತ್ತಿಯನ್ನು ಒದಗಿಸುವುದಿಲ್ಲ. ಆ್ಯಪುಗಳಾದರೋ ಮುಂದೆ ಸಾಗುತ್ತಿರುವುವು. ಹಳೆಯ ಅಚ್ಚಿಗೆ ಹೊಸ ಗಾಲಿಯು ಕೂಡದಿರುವಂತೆಯೇ ಇದು. ಆಂಡ್ರಾಯ್ಡ್ 5ಕ್ಕಿಂತ ಹಳೆಯವುಗಳಲ್ಲಿ 2025ರ ಆರಂಭದಿಂದ ವಾಟ್ಸಾಪು ಸಹ ನಿಂತುಹೋಗಿದೆ.

ಆದಕಾರಣ ಮೊದಲು ಸೆಟ್ಟಿಂಗ್ಸಿನ ಕೊನೆಯಲ್ಲಿ ಆವೃತ್ತಿಯ ಸಂಖ್ಯೆಯನ್ನು ನೋಡತಕ್ಕದ್ದು. ಅಲ್ಲಿಯೇ ಅಪ್‌ಡೇಟ್ ದೊರೆಯುವಂತಿದ್ದರೆ ಅದನ್ನು ಪಡೆಯಬೇಕು. ತರುವಾಯ ದಿನಾಂಕವನ್ನು ಪರೀಕ್ಷಿಸಬೇಕು. ಇದು ಅಲ್ಪವಿಷಯವೆಂದು ತೋರಬಹುದು. ಆದರೆ ಬ್ಯಾಟರಿಯು ಪೂರ್ಣವಾಗಿ ಬರಿದಾಗಿ ಬಹುಕಾಲ ಮೂಲೆಯಲ್ಲಿದ್ದ ಟ್ಯಾಬ್ಲೆಟ್ಟಿನ ಗಡಿಯಾರವು ವರ್ಷಗಳಷ್ಟು ಹಿಂದಕ್ಕೆ ಹೋಗಿರುವ ಸಂಭವವುಂಟು. ಜಾಲದ ಪ್ರತಿಯೊಂದು ಸರ್ವರಿನ ಗುರುತಿನ ಪತ್ರಕ್ಕೂ ಆರಂಭದ ದಿನ, ಮುಗಿಯುವ ದಿನಗಳಿರುವುದರಿಂದ, ತಪ್ಪು ತಾರೀಖಿನ ಯಂತ್ರವು ಸರಿಯಾದ ಪತ್ರವನ್ನೂ ಖೋಟಾ ಎಂದೇ ತಿರಸ್ಕರಿಸುವುದು. ತಾರೀಖನ್ನು ಸರಿಪಡಿಸಿದ ಮಾತ್ರದಿಂದಲೇ ಎಷ್ಟೋ ಟ್ಯಾಬ್ಲೆಟ್ಟುಗಳು ಪುನಃ ನಡೆಯುವುವು.

ಹಳೆಯ ವಿಡಿಯೋಗಳನ್ನು ಅಳಿಸಿ ಸ್ಥಳ ಮಾಡಿಕೊಳ್ಳಬೇಕು. ಹಿಂದಿನ ಹಂಗಾಮಿನ ಸಮೀಕ್ಷೆಯ ಆ್ಯಪನ್ನು ತೆಗೆದುಹಾಕಿ, ಪ್ರಸಕ್ತ ಹಂಗಾಮಿನದನ್ನು ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳತಕ್ಕದ್ದು. ಅಲ್ಲಿ ದೊರೆಯದಿದ್ದರೆ, ವಾಟ್ಸಾಪಿನಲ್ಲಿ ಯಾರೋ ಕಳುಹಿಸಿದ ಎ.ಪಿ.ಕೆ. ಕಡತವನ್ನು ಎಂದಿಗೂ ತೆರೆಯಕೂಡದು. ಪಿ.ಎಂ. ಕಿಸಾನ್ ಹೆಸರಿನ ಇಂತಹ ಖೋಟಾ ಕಡತಗಳಿಂದ ಬ್ಯಾಂಕಿನ ಹಣವನ್ನು ಕಳೆದುಕೊಂಡವರಿದ್ದಾರೆ.

ಇನ್ನೊಂದು ಅಂಶವುಂಟು. ಸಿಮ್ ಇಲ್ಲದೆ ವೈಫೈ ಒಂದರಿಂದಲೇ ನಡೆಯುವ ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಅನೇಕಕ್ಕೆ ಜಿ.ಪಿ.ಎಸ್. ಇರುವುದಿಲ್ಲ. ಸಮೀಕ್ಷೆಯ ಚಿತ್ರವನ್ನು ಆಯಾ ಜಮೀನಿನಲ್ಲಿಯೇ ನಿಂತು ತೆಗೆಯಬೇಕಾಗಿರುವುದರಿಂದ ಅಂತಹವು ಈ ಕಾರ್ಯಕ್ಕೆ ಒದಗಲಾರವು. ಅವುಗಳ ಮೇಲೆ ರಿಪೇರಿಯ ವೆಚ್ಚವನ್ನು ಮಾಡುವುದು ವ್ಯರ್ಥ. ಮನೆಯಲ್ಲಿ ಮತ್ತಾರಿಗಾದರೂ ಹೊಸ ಫೋನಿದ್ದರೆ ಅದನ್ನೇ ಹೊಲಕ್ಕೆ ಒಯ್ಯುವುದು ಲೇಸು.

ಅದೂ ಸಾಧ್ಯವಾಗದಿದ್ದಲ್ಲಿ, ಸಮೀಕ್ಷೆಗೆ ನೇಮಕವಾದ ಖಾಸಗಿ ನಿವಾಸಿಗಳನ್ನು ಜಮೀನಿಗೆ ಕರೆದೊಯ್ದು ಪೈರನ್ನು ತೋರಿಸಬೇಕು. ಊರಿನ ಮುಖಂಡರು ಇಂತಹ ಹಿಡುವಳಿಗಳ ಸರ್ವೆ ನಂಬರುಗಳನ್ನು ಒಂದೆಡೆ ಬರೆದಿಟ್ಟು ಅವರಿಗೆ ಕೊಡುವುದು ಒಳ್ಳೆಯದು. ನಮೂದಾದ ಬೆಳೆಯನ್ನು ‘ಬೆಳೆ ದರ್ಶಕ್’ ಆ್ಯಪಿನಲ್ಲಿ ನೋಡಬಹುದು. ತಪ್ಪಿದ್ದರೆ ಗಡುವಿನೊಳಗೆ ಅಲ್ಲಿಯೇ ಆಕ್ಷೇಪಣೆಯನ್ನು ಸಲ್ಲಿಸಬಹುದು, ಇಲ್ಲವೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.